ಪುಲಿಕೇಶಿನಗರದ ಹದಿಮೂರನೆಯವನು

ಗುರುರಾಜರಿಗೆ ನಾಯಿಯ ಭಯ, ಲಿಫ್ಟಿನ ಭಯ, ಗ್ಯಾಸ್ ಸಿಲಿಂಡರಿನ ಭಯ, ಹಳೇ ಮದ್ರಾಸ್ ರಸ್ತೆ ದಾಟುವ ಭಯ. ಅದಕ್ಕೆ ಅವರನ್ನು ದೂರುವಂತಿಲ್ಲ. ಪುಲಿಕೇಶಿನಗರದ ವಿಮಾ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷ ಅವರು ಕೂತಿದ್ದದ್ದು ಅಪಘಾತ ವಿಭಾಗದ ಮೇಜಿನ ಮುಂದೆ. ಲಿಫ್ಟು ಯಾವ ಮಹಡಿಯಿಂದ ಬಿದ್ದರೆ ಯಾವ ಮೂಳೆ ಮುರಿಯುತ್ತದೆ, ಹೆಬ್ಬೆರಳು ಹೋದರೆ ಶೇಕಡಾ ಎಷ್ಟು ಅಂಗವೈಕಲ್ಯ, ಎಲ್ಲವೂ ಅವರಿಗೆ ಬಾಯಿಪಾಠ. ನಮಗೆಲ್ಲ ಮೈ ಎಂದರೆ ಮೈ. ಗುರುರಾಜರಿಗೆ ಅದು ಇನ್ನೂ ಅರ್ಜಿ ಬರದ ಇನ್ನೂರಾರು ಫೈಲುಗಳ ಕಟ್ಟು.

ಅಂಥವರು ನಲವತ್ತೊಂದನೆಯ ವಯಸ್ಸಿನಲ್ಲಿ ರಗ್ಬಿ ಆಟಗಾರರಾದದ್ದಕ್ಕೆ ಮೂರು ನಾಯಿಗಳು ಕಾರಣ.

೨೦೦೪ರ ಜನವರಿಯ ಒಂದು ಬೆಳಿಗ್ಗೆ ಮಸೀದಿ ರಸ್ತೆಯಲ್ಲಿ ಆ ಮೂರೂ ಅವರ ಬೆನ್ನು ಹತ್ತಿದವು. ಗುರುರಾಜರು ಊಟದ ಡಬ್ಬಿಯನ್ನು ಎಡಗಂಕುಳಲ್ಲಿ ಒತ್ತಿ ಹಿಡಿದು, ಎರಡು ಸ್ಕೂಟರ್, ಒಂದು ತಳ್ಳುಗಾಡಿ, ಒಂದು ಮದುವೆ ದಿಬ್ಬಣದ ನಡುವೆ ನುಸುಳಿ ಓಡಿದರು. ಕೊನೆಗೆ ನಿಂತದ್ದು ಕಲೀಮುಲ್ಲಾರ ಆಟದ ಸಾಮಾನಿನ ಅಂಗಡಿಯೊಳಗೆ. ಕಲೀಮುಲ್ಲಾ ಆಸ್ಟ್ರೇಲಿಯಾದ ಒಂದು ಶೀತಲಗೃಹದಲ್ಲಿ ಆರು ವರ್ಷ ದುಡಿದು, ಒಂದು ಮೊಟ್ಟೆಯಾಕಾರದ ಚೆಂಡು ಮತ್ತು ಒಂದು ಹುಚ್ಚನ್ನು ಹೊತ್ತು ತಂದವರು. ಅವರು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು.

"ಸಾರು ಚೆಲ್ಲಿಲ್ಲ," ಎಂದರು ಗದ್ಗದಿತರಾಗಿ. "ಗುರುರಾಜ್ ಸಾಬ್, ಒಂದು ತೊಟ್ಟೂ ಚೆಲ್ಲಿಲ್ಲ! ಭಾನುವಾರ ನಾಲ್ಕು ಗಂಟೆಗೆ ಬರ್ಬೇಕು. ನಮ್ಮ ಟೀಮ್‌ಗೆ ಒಬ್ರು ಕಮ್ಮಿ."

ಗುರುರಾಜರಿಗೆ ಇಲ್ಲ ಎನ್ನುವುದಕ್ಕೂ ಭಯ. ಹೋದರು.

ಪೂರ್ವ ಬೆಂಗಳೂರು ರಗ್ಬಿ ಲೀಗಿನ ಮೊದಲ ವರ್ಷ ಅದು. ತಂಡಗಳು ನಾಲ್ಕು: ಹಲಸೂರು, ಇಂದಿರಾನಗರ, ಪುಲಿಕೇಶಿನಗರ, ಕೆ.ಆರ್. ಪುರಂ. ತಂಡಕ್ಕೆ ಹದಿಮೂರು ಜನ. ಚೆಂಡು ಮಾತ್ರ ಇಡೀ ಲೀಗಿಗೆ ಒಂದೇ, ಕಲೀಮುಲ್ಲಾರದು. ಅದನ್ನು ಅಪ್ಪಿಕೊಂಡು ಓಡಬೇಕು, ಕೊಟ್ಟರೆ ಹಿಂದಿನವನಿಗೇ ಕೊಡಬೇಕು, ಎದುರಾಳಿಯ ಕೊನೆಯ ಗೆರೆಯಾಚೆ ನೆಲಕ್ಕೆ ಒತ್ತಿದರೆ ಅಂಕ. ಹಿಡಿದು ಕೆಡವಿದರೆ ಎದ್ದು ಮತ್ತೆ ಆಡಬೇಕು. ಈ ಕೊನೆಯ ನಿಯಮ ಕೆ.ಆರ್. ಪುರಂನವರಿಗೆ ಹತ್ತಲೇ ಇಲ್ಲ. ಅವರೆಲ್ಲ ವಿಜಯಪುರ, ಬಾಗಲಕೋಟೆ ಕಡೆಯಿಂದ ಆಫೀಸು ಕೆಲಸಕ್ಕೆ ಬಂದ, ಕಬಡ್ಡಿ ಆಡಿ ಬೆಳೆದ ಮೈಗಳು. ಪುಲಿಕೇಶಿನಗರದ ಜೊತೆಗಿನ ಮೊದಲ ಪಂದ್ಯದಲ್ಲಿ ಕೆಡವಿಸಿಕೊಂಡವನೆಲ್ಲ ಮಣ್ಣು ಕೊಡವಿಕೊಂಡು ಹೊರಗೆ ಹೋಗಿ ಸಾಲಾಗಿ ಕೂತ. ಅರ್ಧ ಗಂಟೆಯಲ್ಲಿ ಏಳು ಜನ ಔಟಾಗಿ ಕೂತಿದ್ದರು. ರೆಫರಿ ಒಬ್ಬೊಬ್ಬರನ್ನೇ ಕೈಹಿಡಿದು ಒಳಗೆ ಕರೆತರಬೇಕಾಯಿತು.

ಔಟಾಗದೆ ಉಳಿದವನು ಜಟ್ಟೆಪ್ಪ. ಕಾರಣ ಸರಳ, ಅವನನ್ನು ಕೆಡವಿದವರಿಲ್ಲ. ಹೊರಮಾವಿನ ಬಾಡಿಗೆ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಅವನ ತೂಕ ನೂರಾ ಎಂಟು ಕಿಲೋ. ಮಾತು ಮೃದು, ನಡತೆ ವಿನಯ, ಓಟ ಗೂಡ್ಸ್ ರೈಲು.

ಗುರುರಾಜರನ್ನು ಕಲೀಮುಲ್ಲಾ ಎಲ್ಲರಿಗಿಂತ ಹಿಂದೆ, ಗೆರೆಯ ಮುಂದೆ ನಿಲ್ಲಿಸಿದ್ದರು. "ಅಲ್ಲಿವರೆಗೆ ಯಾರೂ ಬರಲ್ಲ ಸಾಬ್, ಆರಾಮಾಗಿರಿ." ಜಟ್ಟೆಪ್ಪ ಮೂರು ಸಲ ಬಂದ. ಮೂರು ಸಲವೂ ಗುರುರಾಜರು ನೂರಾ ಮೂವತ್ತೊಂಬತ್ತನೇ ನಂಬರಿನ ಬಸ್ಸಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದರು. ಮೂರನೆಯ ಸಲ ಜಟ್ಟೆಪ್ಪ ಓಡುತ್ತಲೇ, "ಥ್ಯಾಂಕ್ಸ್ ರೀ ಸರ್," ಎಂದ.

ಆವತ್ತೇ ಅಡ್ಡ ಹೋದ ಶಮೀಮನ ಕೊರಳೆಲುಬು ಮುರಿಯಿತು. ಮಂಗಳವಾರ ಅವನ ಅರ್ಜಿ ಗುರುರಾಜರ ಮೇಜಿಗೇ ಬಂತು. 'ಅಪಘಾತಕ್ಕೆ ಕಾರಣ' ಎಂಬ ಅಂಕಣದಲ್ಲಿ ಶಮೀಮ ಎಡಗೈಯಲ್ಲಿ ಒಂದೇ ಪದ ಬರೆದಿದ್ದ: ಜಟ್ಟೆಪ್ಪ. ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಅರ್ಜಿಯನ್ನು ಗುರುರಾಜರು ಓದಿರಲಿಲ್ಲ. ಅವರ ಸ್ವಂತ ಕೊರಳೆಲುಬು ಅಂಗಿಯೊಳಗೆ ಮಿಡುಕಿತು.

ಶಮೀಮನ ಜಾಗಕ್ಕೆ ಕಲೀಮುಲ್ಲಾರ ಅಂಗಡಿಯ ಹುಡುಗನನ್ನು ಸೇರಿಸಿದ ಮೇಲೆ ತಂಡದಲ್ಲಿ ಸರಿಯಾಗಿ ಹದಿಮೂರು ಜನ ಆದರು. ಶೀಟಿ ಊದುವಾಗ ಹನ್ನೆರಡೇ ತಲೆ ಕಂಡರೆ ಆಟವಿಲ್ಲದೆ ಸೋಲು. ಹೇಗೋ ಹೆಣಗಿ ಅವರು ಫೈನಲ್ ತಲುಪಿದರು. ಎದುರಿಗೆ ಕೆ.ಆರ್. ಪುರಂ.

ಫೈನಲಿನ ಭಾನುವಾರ ಬೆಳಿಗ್ಗೆ ಗುರುರಾಜರು ಹಾಸಿಗೆ ಬಿಡಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ಹೊದಿಕೆಯೊಳಗಿಂದ ನರಳಿಕೆ ಬರುತ್ತಿತ್ತು. ಹೆಂಡತಿ ಅಲಮೇಲು ಹಣೆ ಮುಟ್ಟಿದರು. ಮೂಗರಳಿಸಿದರು. ಆಮೇಲೆ ಗಂಡನ ಎಡ ತೋಳನ್ನು ಎತ್ತಿ, ಕಂಕುಳಿಂದ ಅರ್ಧ ಈರುಳ್ಳಿ ತೆಗೆದರು. ಇನ್ನೊಂದು ತೋಳಿನಿಂದ ಇನ್ನರ್ಧ.

"ಜ್ವರ ಬರ್ಲಿ ಅಂತಾನಾ? ನಮ್ಮಣ್ಣ ಮಾಡ್ತಿದ್ದ, ಗಣಿತದ ಪರೀಕ್ಷೆ ದಿವ್ಸ. ಅವನಿಗಾಗ ಹನ್ನೊಂದು ವರ್ಷ."

"ಅಲಮೇಲು, ಅವನು ನೂರಾ ಎಂಟು ಕಿಲೋ."

"ಗೊತ್ರೀ. ನಿದ್ದೇಲೂ ಅದನ್ನೇ ಜಪ ಮಾಡ್ತಿದ್ರಿ, ನಾನು ಅಷ್ಟೋತ್ತರ ಅಂದ್ಕೊಂಡೆ."

"ನಗ್ಬೇಡ. ನಿಜವಾಗ್ಲೂ ಭಯ ಆಗ್ತಿದೆ. ನಂಗೇನಾದ್ರೂ ಆದ್ರೆ…"

ಅಲಮೇಲು ನಗು ನಿಲ್ಲಿಸಿದರು. ಗಂಡನ ಕೈ ನಿಜವಾಗಿಯೂ ತಣ್ಣಗಿತ್ತು. ಮಂಚದ ಅಂಚಿನಲ್ಲಿ ಕೂತು, "ನೀವು ಅವನನ್ನ ಹಿಡೀಬೇಡಿ," ಎಂದರು. "ಯಾರೂ ಹಿಡೀಲಿಲ್ವಂತೆ, ನೀವು ಹಿಡೀತೀರಾ? ಆದ್ರೆ ಹನ್ನೆರಡು ಜನ ಎರಡು ತಿಂಗಳು ಆಡಿದಾರೆ. ಅವರಿಗೋಸ್ಕರ ಹೋಗಿ ನಿಂತ್ಕೊಳ್ಳಿ. ಈ ಸಲ ಪಕ್ಕಕ್ಕೆ ಸರೀದೆ ನಿಂತ್ಕೊಳ್ಳಿ, ಅಷ್ಟೇ."

ಈರುಳ್ಳಿಯನ್ನು ಏನು ಮಾಡಿದರೆಂದು ಯಾರೂ ಕೇಳಬಾರದು. ಮಧ್ಯಾಹ್ನ ಹುಳಿ ಚೆನ್ನಾಗಿತ್ತು.

ಹಲಸೂರು ಕೆರೆಯ ಬಳಿಯ ಮೈದಾನಕ್ಕೆ ಅವರು ಹೋದರು. ಹಿಂದೊಮ್ಮೆ ಪುಲಿಕೇಶಿ ನರ್ಮದೆಯ ದಡದಲ್ಲಿ ನಿಂತು ಉತ್ತರದ ಹರ್ಷನ ಆನೆಗಳನ್ನು ತಡೆದನಂತೆ. ಈಗ ಅವನ ಹೆಸರಿನ ಬಡಾವಣೆಯ ಮಾನ ಒಂದು ಸುಣ್ಣದ ಗೆರೆಯ ಮುಂದೆ, ಸಡಿಲ ಚಡ್ಡಿಯ ದಾರವನ್ನು ಮೂರನೆಯ ಸಲ ಬಿಗಿಯುತ್ತ ನಿಂತಿತ್ತು.

ಕೊನೆಯ ನಿಮಿಷದಲ್ಲಿ ಪುಲಿಕೇಶಿನಗರ ಹದಿನಾಲ್ಕು, ಕೆ.ಆರ್. ಪುರಂ ಹನ್ನೆರಡು. ಚೆಂಡು ಸಿಕ್ಕಿದ್ದು ಜಟ್ಟೆಪ್ಪನಿಗೆ. ಒಬ್ಬ ಅಡ್ಡ ಬಂದ, ಉರುಳಿದ. ಇಬ್ಬರು ಸೊಂಟಕ್ಕೆ ಜೋತುಬಿದ್ದರು, ನಾಲ್ಕು ಹೆಜ್ಜೆಯಲ್ಲಿ ಉದುರಿದರು. ಆಮೇಲೆ ಮೈದಾನದಲ್ಲಿ ಬೇರೆ ಯಾರೂ ಇಲ್ಲ. ಅವನು, ಗುರುರಾಜರು, ಅವರ ಹಿಂದೆ ಎರಡು ಮಾರು ದೂರದಲ್ಲಿ ಗೆರೆ.

ನೆಲ ಅದುರುವುದು ಅಂಗಾಲಿಗೆ ತಿಳಿಯುತ್ತಿತ್ತು. ಪಕ್ಕಕ್ಕೆ ಸರಿ ಎಂದು ಇನ್ನೂರಾರು ಮೂಳೆಗಳೂ ಒಂದೇ ದನಿಯಲ್ಲಿ ಅರ್ಜಿ ಸಲ್ಲಿಸಿದವು. ಗುರುರಾಜರು ಕಣ್ಣು ಮುಚ್ಚಿದರು. ಸರಿಯಲಿಲ್ಲ.

ಮುಂದಿನದನ್ನು ಕೆಲವರು ಅಪೂರ್ವ ಪಟ್ಟು ಎನ್ನುತ್ತಾರೆ. ಅವರು ಮೂರ್ಛೆ ಹೋಗುತ್ತಿದ್ದರು, ಅಷ್ಟೇ. ಮೊಣಕಾಲು ಮಡಚಿತು, ಮೈ ಮುಂದಕ್ಕೆ ಕುಸಿಯಿತು, ಬೀಳುವವನು ಏನನ್ನಾದರೂ ಹಿಡಿಯುವಂತೆ ಕೈಗಳು ಜಟ್ಟೆಪ್ಪನ ಪಾದದ ಗಂಟನ್ನು ತಬ್ಬಿದವು. ಕಿರುಬೆರಳು ಟಪ್ಪೆಂದಿತು. ಗೂಡ್ಸ್ ರೈಲು ಹಳಿ ತಪ್ಪಿ, ಹಿಡಿತದಿಂದ ಕಾಲು ಬಿಡಿಸಿಕೊಂಡು, ಗೆರೆಗೆ ಒಂದು ಮೊಳ ಹಿಂದೆ ನೆಲಕ್ಕೆ ಬಿತ್ತು.

ಆಗ ಜಟ್ಟೆಪ್ಪನ ಮೈಗೆ ರಗ್ಬಿ ಮರೆತುಹೋಯಿತು. ಏಳು ವರ್ಷದ ಹುಡುಗನಿದ್ದಾಗಿನಿಂದ ಕಾಲು ಹಿಡಿದು ಕೆಡವಿದರೆ ಏನು ಮಾಡಬೇಕೆಂದು ಅದಕ್ಕೆ ಗೊತ್ತಿತ್ತು. ಕೈ ಚಾಚಿ ಗೆರೆ ಮುಟ್ಟಬೇಕು. ಅವನು ಚೆಂಡನ್ನು ಬಿಟ್ಟ, ಬರಿಗೈ ಚಾಚಿದ, ಗೆರೆ ಮುಟ್ಟಿದ! ಎದ್ದು ನಿಂತು ತೊಡೆ ತಟ್ಟಿದ. ಅವನ ತಂಡದ ಹನ್ನೆರಡೂ ಜನ ಕೇಕೆ ಹಾಕಿ ಒಬ್ಬರನ್ನೊಬ್ಬರು ಹೆಗಲಿಗೇರಿಸಿದರು.

ರೆಫರಿ ಶೀಟಿ ಊದಲಿಲ್ಲ. ಚೆಂಡು ಹಿಂದಕ್ಕೆ ಉರುಳಿ ಗುರುರಾಜರ ಮೂಗಿನ ಮುಂದೆ ನಿಂತಿತು.

"ಸಾಬ್! ಡಬ್ಬಿ! ಡಬ್ಬಿ ಎತ್ಕೊಳ್ಳಿ!" ಕಲೀಮುಲ್ಲಾ ಅಂಚಿನಿಂದ ಕಿರುಚಿದರು.

ಗುರುರಾಜರು ಚೆಂಡನ್ನು ಎಡಗಂಕುಳಿಗೆ ಸೇರಿಸಿ ಎದ್ದರು. ಜಟ್ಟೆಪ್ಪ ತಿರುಗಿ ಅವರನ್ನು ನೋಡಿದ. ಆ ನೋಟ ಸಾಕಾಯಿತು.

ಅವರು ಓಡಿದ ಓಟಕ್ಕೆ ಮಸೀದಿ ರಸ್ತೆಯ ನಾಯಿಗಳೂ ತಲೆಬಾಗಬೇಕು. ಹೆಗಲಿಗೇರಿದ್ದವರು ಇಳಿಯುವ ಮೊದಲೇ ಮೈದಾನ ಮುಗಿಯಿತು. ಎದುರಿನ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದ್ದರೆ ಇನ್ನೂ ನಾಲ್ಕು ಅಂಕ. ಅವರು ನಿಲ್ಲಲಿಲ್ಲ. ಗೇಟಿನ ಮೂಲಕ ರಸ್ತೆಗೆ ಹೋದರು. ಚೆಂಡು ಮೈದಾನದ ಹೊರಗೆ, ವೇಳೆ ಮುಗಿದಿದೆ, ಶೀಟಿ. ಹದಿನಾಲ್ಕು, ಹನ್ನೆರಡು. ಪುಲಿಕೇಶಿನಗರ ಗೆದ್ದಿತು, ಗೆಲ್ಲಿಸಿದವರು ಕಾಣೆಯಾಗಿದ್ದರು.

ಚೆಂಡು ಒಂದೇ ಆದ್ದರಿಂದ ಹುಡುಕಲೇಬೇಕಾಯಿತು. ಕೆರೆ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ ಅವರನ್ನು ಕಂಡುಹಿಡಿದವನು ಜಟ್ಟೆಪ್ಪ. ಗುರುರಾಜರು ಏಳಲು ನೋಡಿದರು. ಕಾಲು ಬರಲಿಲ್ಲ. ಜಟ್ಟೆಪ್ಪ ಪಕ್ಕದಲ್ಲಿ ಕೂತ, ಬೆಂಚು ಅತ್ತ ವಾಲಿತು.

"ಸರ್, ನಾ ಗೆರಿ ಮುಟ್ಟಿದ್ನೋ ಇಲ್ರಿ?"

"ಮುಟ್ಟಿದ್ರಿ," ಎಂದರು ಗುರುರಾಜರು. ಸುಳ್ಳು ಹೇಳುವುದಕ್ಕೂ ಅವರಿಗೆ ಭಯ.

"ಹಂಗಾರ ಆತು ಬಿಡ್ರಿ." ಅವನು ಅಂಗೈಗೆ ಮೆತ್ತಿದ್ದ ಸುಣ್ಣವನ್ನು ಒರೆಸಿಕೊಂಡ. "ಹೋದ ಸಲ ದಾರಿ ಬಿಟ್ಟವ್ರು ಈ ಸಲ ಯಾಕ ನಿಂತ್ರಿ? ಕಣ್ಣು ಬ್ಯಾರೆ ಮುಚ್ಚಿದ್ರಿ. ಅದನ್ನ ನೋಡಿ ನನಗ ಎದಿ ಝಲ್ ಅಂತರಿ. ಏನರ ಆದ್ರ ಈ ಮನಷ್ಯಾನ ಮನಿಗೆ ಏನ್ ಹೇಳ್ಲಿ ಅಂತ."

"ನಿಮಗೂ ಭಯ ಆಯ್ತಾ?"

"ಭಾಳ ರೀ." ಅವನ ಕಣ್ಣು ಗುರುರಾಜರ ಕೈಯ ಮೇಲೆ ಬಿತ್ತು. "ಅಯ್ಯ, ಬೆರಳು ಸೊಟ್ಟ ಆಗೇತಲ್ರಿ! ಏಳ್ರಿ ಮದ್ಲ."

ಅವನೇ ಆಟೋ ಹಿಡಿದು ಶಿವಾಜಿನಗರಕ್ಕೆ ಕರೆದೊಯ್ದು ಕಟ್ಟು ಹಾಕಿಸಿದ.

ಮರುವಾರ ಗುರುರಾಜರು ಮೇಜಿನ ಮುಂದೆ ಕೂತು ತಮ್ಮದೇ ಅರ್ಜಿ ತುಂಬಿದರು. 'ಅಪಘಾತಕ್ಕೆ ಕಾರಣ' ಎಂಬಲ್ಲಿ 'ಜಟ್ಟೆಪ್ಪ' ಎಂದು ಬರೆದು, ಹೊಡೆದುಹಾಕಿ, 'ಪಕ್ಕಕ್ಕೆ ಸರಿಯದೆ ನಿಂತದ್ದು' ಎಂದು ಬರೆದರು. ಮೇಲಧಿಕಾರಿ ಇದನ್ನು ನಂಬಲಿಲ್ಲ. ಗುರುರಾಜರನ್ನು ಬಲ್ಲವರು ಯಾರೂ ನಂಬುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ 'ಕಣ್ಣಾರೆ ಕಂಡ ಸಾಕ್ಷಿ ಬೇಕು' ಎಂಬ ಷರಾದೊಂದಿಗೆ ಅರ್ಜಿ ವಾಪಸಾಯಿತು.

ಮೂರನೆಯ ದಿನ ಅದು ಮತ್ತೆ ಮೇಲಧಿಕಾರಿಯ ಮೇಜಿಗೆ ಹೋಯಿತು. ಸಾಕ್ಷಿಯ ಅಂಕಣದಲ್ಲಿ ದುಂಡಗಿನ ಅಕ್ಷರದ ರುಜು: ಜಟ್ಟೆಪ್ಪ, ಹೊರಮಾವು.