ಒಂದು ಮೊರ ತೌಡಿಗೆ ಕೊಂಡ ಮಗಳು

ನಮ್ಮ ಬೀದಿಯ ತುದಿಯಲ್ಲಿ ಒಂದು ಮನೆಯವರು ಇನ್ನೂ ಹಸು ಸಾಕಿಕೊಂಡಿದ್ದಾರೆ. ಬೆಳಗಾಗೆದ್ದು ಅವರು ಬಿಸಿನೀರಿನಲ್ಲಿ ತೌಡು ಕಲಸಿ ಹಸುವಿನ ಮುಂದಿಟ್ಟರೆ, ಅದರ ಬೆಚ್ಚನೆಯ, ತುಸು ಸಿಹಿ ತುಸು ಹುಳಿ ಎನಿಸುವ ವಾಸನೆ ನಮ್ಮ ಕಿಟಕಿಯವರೆಗೆ ಬರುತ್ತದೆ. ಬೀದಿಯ ಮಂದಿ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ನಾನು ಮಾತ್ರ ಕೈಯಲ್ಲಿರುವ ಕಾಫಿ ಲೋಟ ಕೆಳಗಿಟ್ಟು ಕೂತುಬಿಡುತ್ತೇನೆ. ಯಾರೋ ಬರುತ್ತಾರೆ, ನನ್ನನ್ನು ಕರೆದುಕೊಂಡು ಹೋಗಿಬಿಡುತ್ತಾರೆ ಎಂಬ ಹಳೆಯ ದಿಗಿಲು ಎದೆಯೊಳಗೆ ಬಂದು ಕೂರುತ್ತದೆ. ಕರೆದುಕೊಂಡು ಹೋಗುವವರು, ಬೇಡವೆನ್ನಬೇಕಾದವರು, ಎಲ್ಲರೂ ಮಣ್ಣಾಗಿ ಎಷ್ಟೋ ಕಾಲವಾಯಿತು. ಆ ದಿಗಿಲಿಗೆ ಮಾತ್ರ ಮುಪ್ಪು ಬಂದಿಲ್ಲ. ನಿಮಗೂ ನಿಮ್ಮ ಬಾಲ್ಯದ ಯಾವುದೋ ವಾಸನೆ ಹೀಗೆಯೇ ಹೇಳದೆ ಕೇಳದೆ ಒಳಗೆ ಬರುತ್ತಿರಬಹುದು. ನನ್ನದು ತೌಡಿನದು, ಏಕೆಂದರೆ ನನ್ನನ್ನು ಕೊಂಡದ್ದೇ ಒಂದು ಮೊರ ತೌಡು ಕೊಟ್ಟು.

ಗಾಬರಿಯಾಗಬೇಡಿ. ದೊಡ್ಡಬಳ್ಳಾಪುರದ ಸೀಮೆಯಲ್ಲಿ ಆಗ ಇದು ನಡೆಯುತ್ತಿದ್ದ ಸಂಗತಿ. ಹೆತ್ತ ಮಕ್ಕಳೆಲ್ಲ ಒಂದರ ಹಿಂದೊಂದು ತೀರಿಕೊಂಡ ತಾಯಿಗೆ ಮತ್ತೊಂದು ಮಗುವಾದರೆ, ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡುತ್ತಿದ್ದರು. ಮೊದಲೇ ಮಾತಾಡಿಕೊಂಡ ಹೆಂಗಸೊಬ್ಬಳು ಬಂದು, ಮಗುವನ್ನೆತ್ತಿಕೊಂಡು, ತಾಯಿಯ ಮೊರಕ್ಕೆ ತೌಡು ಸುರಿದು 'ಇದು ನಂದು' ಎನ್ನುತ್ತಿದ್ದಳು. ತಾಯಿ 'ನಿಂದೇ ತಗೋ, ನಂಗ್ಯಾಕೆ' ಎನ್ನುತ್ತಿದ್ದಳು. ಆಮೇಲೆ ಮಗು ಹೆತ್ತವಳ ಮಡಿಲಲ್ಲೇ ಬೆಳೆಯುತ್ತಿತ್ತು. ಮಾರಿದ್ದು ಮಾತಿಗೆ ಮಾತ್ರ. ಮಕ್ಕಳನ್ನು ಒಯ್ಯುವ ಸಾವಿನ ಕಣ್ಣಿಗೆ ಇದು ತಿಪ್ಪೆಯ ಕಸ, ಯಾರಿಗೂ ಬೇಡದ್ದು ಎಂದು ಕಾಣಿಸಬೇಕಿತ್ತು. ನನ್ನ ಅವ್ವ ಕೆಂಪಮ್ಮ ನನಗಿಂತ ಮೊದಲು ಹೆತ್ತವನ್ನೆಲ್ಲ ಮಣ್ಣು ಮಾಡಿದ್ದಳು. ನಾನು ಹೊಟ್ಟೆಯಲ್ಲಿದ್ದಾಗ ಅಪ್ಪನೂ ಚಳಿಜ್ವರದಲ್ಲಿ ಹೋದ. ಹಾಗಾಗಿ ಊರಿನ ಹೆಂಗಸರು ಕೊಂಡರೆ ಮಗು ಉಳಿದೀತೆಂಬ ನಂಬಿಕೆ ಅವಳಿಗಿರಲಿಲ್ಲ. ರಾಜಘಟ್ಟದ ದಾರಿಯಲ್ಲಿದ್ದ ಮಿಷನ್ ಬಂಗಲೆಯಲ್ಲಿ ಅವಳು ಪಾತ್ರೆ ತಿಕ್ಕಿ ನೀರು ಹೊರುತ್ತಿದ್ದಳು. ನಮ್ಮೂರಿನ ದೇವರಾಗಲಿ ದೆವ್ವವಾಗಲಿ ಆ ಬಂಗಲೆಯ ಗೇಟು ದಾಟುವುದಿಲ್ಲವೆಂದು ಯೋಚಿಸಿ, ಅಲ್ಲಿಯ ದೊರೆಸಾನಮ್ಮನಿಗೇ ನನ್ನನ್ನು ಮಾರಿಬಿಟ್ಟಳು.

ಆ ಬಂಗಲೆ ಈಗ ಇಲ್ಲ. ಹೆಂಚಿನ ಮಾಡು, ಸುತ್ತ ತಂಪಾದ ಜಗುಲಿ, ಹಿಂದೆ ದೊಡ್ಡದೊಂದು ಹುಣಸೆಮರ, ಪಕ್ಕದಲ್ಲಿ ಔಷಧಿ ಕೊಡುವ ಕೋಣೆ. ಒಳಗೆ ಕಾಲಿಟ್ಟರೆ ಫಿನಾಯಿಲು, ಬ್ರೆಡ್ಡು, ಹಳೆಯ ಪುಸ್ತಕ ಮೂರೂ ಬೆರೆತ ವಾಸನೆ. ಪಾದ್ರಿ ಅಯ್ಯನವರು ಬಡಕಲು ಮನುಷ್ಯ. ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಬಿಸಿಲಿಗೆ ಕೆಂಪಗೆ ಬೆಂದು ಬರುತ್ತಿದ್ದರು. ಅವರ ಉಪದೇಶಕ್ಕೆ ಬರುವವರಿಗಿಂತ ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದ ಆ ದೊರೆಸಾನಮ್ಮನ ಔಷಧಿಗೆ ಬರುವವರೇ ಹೆಚ್ಚು. ಬಂದವರು ಕೈಮುಗಿದು, ಕಜ್ಜಿಗೆ ಮುಲಾಮು ಹಚ್ಚಿಸಿಕೊಂಡು, ಹಾಗೇ ಊರಮ್ಮನ ಗುಡಿಗೂ ಹೋಗಿ ಮನೆಗೆ ಹೋಗುತ್ತಿದ್ದರು. ಗಂಡ ಹೆಂಡತಿ ಬೇಸರಿಸದೆ ಮಾರನೆಯ ದಿನ ಮತ್ತೆ ಬಾಗಿಲು ತೆರೆಯುತ್ತಿದ್ದರು. ಅಮ್ಮಾವ್ರು ಕನ್ನಡ ಕಲಿತದ್ದು ಬೈಬಲ್ಲಿನಿಂದ. ಬೈಯುವಾಗಲೂ ಅವರದು 'ಮಗಳೇ, ನೀನು ಯಾಕೆ ಕೆಸರಿನಲ್ಲಿ ಹೊರಳಾಡಿದಿ?' ಎಂಬ ಗಂಭೀರ ಭಾಷೆ. ತೋಟದ ಮೂಲೆಯಲ್ಲಿ, ದಾಸವಾಳದ ಗಿಡದ ಬುಡದಲ್ಲಿ, ಅವರ ಒಂದೇ ಒಂದು ಕೂಸನ್ನು ಮಲಗಿಸಿದ್ದರು. ಅದರ ಮೇಲೊಂದು ಚಿಕ್ಕ ಕಲ್ಲಿತ್ತು.

ಅನಾಹುತವಾದದ್ದು ಇಲ್ಲೇ. ಅವ್ವ ಬಂಗಲೆಯ ಹಿತ್ತಲ ತಿಪ್ಪೆಯ ಮೇಲೆ ಮೊರ ಇಟ್ಟು, 'ಎತ್ಕೊಳ್ಳಿ ಅಮ್ಮಾ, ನಿಮ್ದೇ ಇದು. ನಂಗೆ ಒಂದು ಮೊರ ತೌಡು ಕೊಟ್ಬಿಡಿ, ಸಾಕು' ಎಂದಳಂತೆ. ಅಮ್ಮಾವ್ರಿಗೆ ಆ ಮಾತುಗಳೆಲ್ಲ ಅರ್ಥವಾದವು, ಶಾಸ್ತ್ರ ಮಾತ್ರ ಗೊತ್ತಿರಲಿಲ್ಲ. ಗಂಡ ಸತ್ತ ಬಡವಿ ಸಾಕಲಾರದೆ ಕೊಡುತ್ತಿದ್ದಾಳೆ, ತಮ್ಮ ಪ್ರಾರ್ಥನೆಗೆ ಉತ್ತರ ಸಿಕ್ಕಿದೆ ಎಂದುಕೊಂಡರು. ಕೊಟ್ಟಿಗೆಯಿಂದ ತೌಡು ತಂದು ಸುರಿದು, ನನ್ನನ್ನು ಎದೆಗವಚಿಕೊಂಡು ಅಲ್ಲೇ ಮಣ್ಣಿನಲ್ಲಿ ಮಂಡಿಯೂರಿ ಅತ್ತರು. ಆ ಅಳು ನೋಡಿ ಅವ್ವನಿಗೆ ಸಮಾಧಾನವಾಯಿತು. ಇಷ್ಟು ಚೆನ್ನಾಗಿ ಶಾಸ್ತ್ರ ಮಾಡುವವರು ಊರಿನಲ್ಲೂ ಇಲ್ಲ ಎಂದುಕೊಂಡಳು. ಅಡುಗೆಯ ಚಿನ್ನಪ್ಪನಿಗೆ ಎರಡೂ ಕಡೆಯದು ಗೊತ್ತಿತ್ತು. ಅವನು ಹೊಸಕೋಟೆಯ ಕಡೆಯವನು, ಅಲ್ಲೂ ಈ ಶಾಸ್ತ್ರವಿತ್ತು. ಆದರೆ ಬಿಡಿಸಿ ಹೇಳಿದರೆ ಶಾಸ್ತ್ರ ಕೆಟ್ಟು ಮಗುವಿಗೇನಾದರೂ ಆದೀತೆಂದು ಅವನೂ ಬಾಯಿ ಹೊಲಿದುಕೊಂಡ.

ಹೀಗೆ ನಾನು ಇಬ್ಬರು ತಾಯಂದಿರ ನಡುವೆ ಬೆಳೆದೆ. ಅವ್ವ ಹಾಲು ಕುಡಿಸಿದಳು, ಅಮ್ಮಾವ್ರು ಫ್ರಾಕು ಹೊಲಿದರು. ಅಮ್ಮಾವ್ರಿಗೆ ನಾನು ಕೃಪಾ, ಅವ್ವನಿಗೆ ತಿಪ್ಪಿ. ಅವಳನ್ನು ಅವ್ವ ಎನ್ನುವಂತಿರಲಿಲ್ಲ, ಊರಿನ ಎಲ್ಲರಂತೆ ಕೆಂಪಕ್ಕ ಎನ್ನಬೇಕಿತ್ತು. ಈಗ ಬರೆಯುವಾಗ ಮಾತ್ರ ಧೈರ್ಯವಾಗಿ ಅವ್ವ ಅವ್ವ ಎಂದು ಆಸೆ ತೀರಿಸಿಕೊಳ್ಳುತ್ತಿದ್ದೇನೆ. ಒಮ್ಮೆ ಮರೆತು ಬೀದಿಯಲ್ಲಿ ಕೂಗಿದ್ದಕ್ಕೆ ಓಡಿ ಬಂದು ಬಾಯಿ ಮುಚ್ಚಿ, ಬೆನ್ನಿಗೆರಡು ಬಿಗಿದಿದ್ದಳು. ಯಾರಾದರೂ ನನ್ನನ್ನು ಮುದ್ದಾಗಿದ್ದಾಳೆಂದರೆ 'ಥೂ, ಕತ್ತೆ ಇದ್ದಂಗವ್ಳೆ' ಎನ್ನುತ್ತಿದ್ದಳು. ನನಗೆ ಸಣ್ಣದೊಂದು ನೆಗಡಿಯಾದರೆ ಸಾಕು, ನಾನು ಎಲ್ಲಿ ಯಾರ ಮುಂದೆ ಅವ್ವ ಎಂದೆನೋ ಎಂದು ಕೆದಕಿ ಕೆದಕಿ ಕೇಳುತ್ತಿದ್ದಳು.

ಅದು ಯುದ್ಧದ ಕಾಲ. ಅಕ್ಕಿಗೂ ಸೀಮೆಎಣ್ಣೆಗೂ ಪರದಾಟ. ತಲೆಯ ಮೇಲೆ ವಿಮಾನ ಹೋದರೆ ಅವ್ವ ನನ್ನನ್ನು ಮಂಕರಿಯಡಿ ಬಚ್ಚಿಡುತ್ತಿದ್ದಳು. ಅಮ್ಮಾವ್ರಿಗೆ ತವರಿನ ಸುದ್ದಿ ಬರುವುದೇ ನಿಂತಿತ್ತು. ಹಡಗುಗಳು ಮುಳುಗುತ್ತಿವೆ ಎಂದು ಅಯ್ಯನವರು ಊಟದ ಮೇಜಿನಲ್ಲಿ ಹೇಳಿದರೆ, ಅವರು ಚಮಚ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ನನಗಂತೂ ಹಡಗು ಎಂದರೆ ನನಗಾಗಿಯೇ ಎಲ್ಲೋ ಕಾದು ನಿಂತಿರುವ ಪ್ರಾಣಿ ಎನಿಸುತ್ತಿತ್ತು. ಯುದ್ಧ ಮುಗಿಯಿತು. ಊರೆಲ್ಲ ನಿಟ್ಟುಸಿರು ಬಿಟ್ಟಿತು. ನನ್ನ ಕಷ್ಟ ಶುರುವಾದದ್ದೇ ಆಗ. ಅಯ್ಯನವರು ಮತ್ತೆ ಮತ್ತೆ ಜ್ವರ ಬಂದು ಹಾಸಿಗೆ ಹಿಡಿದಿದ್ದರು. ಬೆಂಗಳೂರಿನ ಡಾಕ್ಟರು, ಇನ್ನು ಈ ದೇಶದಲ್ಲಿದ್ದರೆ ಉಳಿಯುವುದಿಲ್ಲ ಎಂದುಬಿಟ್ಟರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರು ಹೊರಡುವುದೆಂದಾಯಿತು. 'ನಮ್ಮ ಮಗಳೊಂದಿಗೆ' ಎಂದರು ಅಮ್ಮಾವ್ರು. ಆಗ ಚಿನ್ನಪ್ಪನಿಗೆ ತಡೆಯಲಾಗಲಿಲ್ಲ. ತೌಡಿನ ಶಾಸ್ತ್ರವೆಂದರೆ ಏನೆಂದು ಎಲ್ಲವನ್ನೂ ಹೇಳಿಬಿಟ್ಟ.

ಅಮ್ಮಾವ್ರು ಆ ದಿನ ಊಟ ಮಾಡಲಿಲ್ಲ. ಸಂಜೆ ಅಡುಗೆಮನೆಯ ಹಿಂದೆ ಅವ್ವ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಲ್ಲಿಗೆ ಬಂದು, ಅವಳ ಎದುರಿಗೆ ಒದ್ದೆ ನೆಲದ ಮೇಲೇ ಕೂತರು. ನಾನು ಕಂಬ ಹಿಡಿದು ನಿಂತಿದ್ದೆ.

'ಕೆಂಪಮ್ಮಾ, ನನಗೆ ಸತ್ಯವನ್ನು ಹೇಳು. ಈ ಮಗು ನಿನ್ನದೋ? ನಿನ್ನದು ಎಂದು ಒಂದು ಮಾತು ಹೇಳು, ನಾನು ಇವಳನ್ನು ಬಿಟ್ಟು ಹೋಗುವೆನು.'

ಅವ್ವನ ಕೈ ನಿಂತಿತು. 'ಏನ್ ಮಾತು ಅಂತ ಆಡ್ತೀರಮ್ಮಾ? ತೌಡು ಕೊಟ್ಟು ತಗೊಂಡಿದೀರಿ. ನಿಮ್ದೇ ಮಗು.'

'ಯಾವ ಮನುಷ್ಯರಿಗೂ ಹೆದರಬೇಡ.'

'ಮನುಷ್ಯರಿಗೆ ನಾನೆಲ್ಲಿ ಹೆದರ್ತೀನಮ್ಮಾ' ಎಂದಳು ಅವ್ವ. ಮತ್ತೆ ತಿಕ್ಕತೊಡಗಿದಳು. ಹೊಳೆಯುತ್ತಿದ್ದ ಪಾತ್ರೆಯನ್ನೇ ತಿಕ್ಕುತ್ತಿದ್ದಳು. ಅವಳ ಲೆಕ್ಕ ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ. ನನ್ನದು ಎಂದರೆ ಮಗು ಸಾಯುತ್ತದೆ, ಅಲ್ಲ ಎಂದರೆ ಸಮುದ್ರದಾಚೆಗಾದರೂ ಬದುಕಿರುತ್ತದೆ. ಅವಳಿಗೆ ಇದ್ದದ್ದು ಈ ಎರಡೇ ದಾರಿ. ಆಗ ಮಾತ್ರ ನಾನು, ಇವಳಿಗೆ ನಾನು ನಿಜವಾಗಿಯೂ ಬೇಡವೇನೋ ಎಂದು ಕಂಬಕ್ಕೆ ಮುಖ ಒತ್ತಿಕೊಂಡು ನಿಂತಿದ್ದೆ.

ಅಲ್ಲಿಗೂ ಮುಗಿಯಲಿಲ್ಲ. ಮಗುವನ್ನು ದೇಶದಿಂದಾಚೆ ಕರೆದೊಯ್ಯಬೇಕಾದರೆ ಹೆತ್ತವಳು ಅಮಲ್ದಾರರ ಮುಂದೆ ಬಂದು, ತನ್ನ ಮಗುವನ್ನು ಮನಸಾರೆ ಕೊಡುತ್ತಿದ್ದೇನೆಂದು ಹೇಳಬೇಕಿತ್ತು. ತಾಲ್ಲೂಕು ಕಚೇರಿಯಲ್ಲಿ ಜನವೋ ಜನ. ಅಮ್ಮಾವ್ರು ಒಂದು ಕಡೆ, ಅವ್ವ ಒಂದು ಕಡೆ, ನಡುವೆ ನಾನು.

'ಏನಮ್ಮಾ, ಮಗು ನಿಂದು ತಾನೆ? ಒಪ್ಪಿ ಕೊಡ್ತಾ ಇದೀಯಾ?' ಎಂದರು ಅಮಲ್ದಾರರು.

ಅವ್ವ ಸೆರಗು ಬಿಗಿದುಕೊಂಡಳು. ಕೊಡಬೇಕಾದರೂ ಮೊದಲು ನನ್ನದು ಎನ್ನಬೇಕು! ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಒಂದು ಸಲ ಅನ್ನಲಿ, ಆಮೇಲೆ ಯಾರಿಗೆ ಬೇಕಾದರೂ ಕೊಡಲಿ ಎಂದು ನನ್ನ ಪುಟ್ಟ ಜೀವ ಬೇಡಿಕೊಳ್ಳುತ್ತಿತ್ತು.

'ನಂದಲ್ಲ ಸ್ವಾಮಿ' ಎಂದಳು. 'ತಿಪ್ಪೇಲಿ ಬಿದ್ದಿತ್ತು. ಅಮ್ಮಾವ್ರು ಎತ್ಕೊಂಡ್ರು. ನಾನು ಕಣ್ಣಾರೆ ನೋಡಿದೀನಿ.'

'ಊರಿನೋರೆಲ್ಲ ನೀನೇ ತಾಯಿ ಅಂತಾರಲ್ಲ?'

'ಅವ್ರಿಗೇನ್ ಗೊತ್ತು ಸ್ವಾಮಿ?'

ಅಮಲ್ದಾರರು ಅವಳನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದರು. ನನ್ನ ಹಣೆ, ಗಲ್ಲ ಎಲ್ಲ ಅವಳದೇ ಅಚ್ಚು. ಅವರು ಹೆತ್ತವರು ಯಾರೆಂದು ತಿಳಿಯದು ಎಂದು ಬರೆಸಿದರು. ಮಗು ಸಿಕ್ಕಿದ್ದನ್ನು ಕಂಡ ಸಾಕ್ಷಿ ಎಂದು ಅವ್ವ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದವಳೇ ಹಿಂತಿರುಗಿ ನೋಡದೆ ಬಿರಬಿರನೆ ನಡೆದುಬಿಟ್ಟಳು. ಅಮ್ಮಾವ್ರು ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಗೆದ್ದವರ ಮುಖ ಅದಾಗಿರಲಿಲ್ಲ. ಹೊರಟ ದಿನ ಅವ್ವ ಸ್ಟೇಷನ್ನಿಗೆ ಬಂದಳು, ಆದರೆ ಹತ್ತಿರ ಬರಲಿಲ್ಲ. ನಾನು ಅವಳ ಕಡೆ ಓಡಿದರೆ, 'ಹೋಗೇ ಕತ್ತೆ, ರೈಲು ಬಿಟ್ಟೋಗತ್ತೆ' ಎಂದು ಗದರಿ ಅಟ್ಟಿದಳು.

ಸಮುದ್ರದಾಚೆಯ ಊರಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಚಳಿ, ಮಂಜು, ನನ್ನ ಬಣ್ಣವನ್ನು ನೋಡಿ ಮಾತು ನಿಲ್ಲಿಸುವ ನೆಂಟರು. ಅಯ್ಯನವರು ಅಲ್ಲಿಯೂ ಉಳಿಯಲಿಲ್ಲ. ಅಮ್ಮಾವ್ರು ಯಾರ ಮನೆಯಲ್ಲೋ ರೋಗಿಗಳ ಸೇವೆ ಮಾಡಿ ನನ್ನನ್ನು ಓದಿಸಿದರು. ಯಾರು ಏನೆಂದರೂ 'ಇವಳು ನನ್ನ ಮಗಳು' ಎಂದು ತಲೆಯೆತ್ತಿ ಹೇಳುತ್ತಿದ್ದರು. ಅವರು ಹಾಗೆ ಹೇಳಿದಾಗಲೆಲ್ಲ ನನಗೆ ಒಳಗೇ ಭಯ, ಎಲ್ಲಿ ನನಗೆ ಜ್ವರ ಬಂದೀತೋ ಎಂದು! ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. 'ನೀನು ಹಿಂತಿರುಗಿ ಹೋಗುವ ದಿನ ನಿನ್ನ ಆ ತಾಯಿಗೆ ನಿನ್ನ ಮಾತು ತಿಳಿಯಬೇಕು' ಎನ್ನುತ್ತಿದ್ದರು. ನಾನು ನರ್ಸಾದ ಮೇಲೆ, ವಯಸ್ಸಾಯಿತು ಬೇಡವೆಂದ ಮಿಷನ್ನಿನವರ ಬೆನ್ನು ಬಿಡದೆ ಒಪ್ಪಿಸಿ, ನನ್ನ ಜೊತೆ ಮತ್ತೆ ಹಡಗು ಹತ್ತಿದರು. ಅಂಥ ಹಟ ಅವರದು. ಬಂಗಲೆಯ ಜಾಗದಲ್ಲಿ ಆಗಲೇ ಯಾವುದೋ ಗೋದಾಮು ಎದ್ದಿತ್ತು. ಹುಣಸೆಮರವಿಲ್ಲ, ದಾಸವಾಳವಿಲ್ಲ, ಕೂಸಿನ ಕಲ್ಲೂ ಇಲ್ಲ. ಅಮ್ಮಾವ್ರು ಬಹಳ ಹೊತ್ತು ನಿಂತಿದ್ದು, 'ನೀನು ಹೋಗು, ಅವಳು ನಿನ್ನನ್ನು ಮೊದಲು ಒಬ್ಬಳೇ ನೋಡಲಿ' ಎಂದು ನನ್ನನ್ನು ಊರಿನೊಳಕ್ಕೆ ಕಳಿಸಿದರು.

ಅವ್ವ ಕಾಯಿಲೆ ಬಿದ್ದಿದ್ದಳು. ಕಂಬಳಿ ಹೊದ್ದು ಮಲಗಿದವಳು ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ನೋಡಿದಳು, ನೋಡಿದಳು, ಕಣ್ಣು ಮುಚ್ಚಿಕೊಂಡಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಯಾರೋ ಪಟ್ಟಣದವಳು ಬಂದಿದ್ದಾಳೆಂದು ನೆರೆಹೊರೆಯ ಹೆಂಗಸರೆಲ್ಲ ಸೇರಿಬಿಟ್ಟರು. ಅವರಲ್ಲೊಬ್ಬಳು ನನ್ನ ಮುಖವನ್ನೇ ದಿಟ್ಟಿಸಿ, 'ಯಾರು ಕೆಂಪಕ್ಕಾ? ನಿನ್ನ ಮಗಳಾ?' ಎಂದಳು.

'ಅಲ್ಲ ಕಣೇ. ನಂಗೆಲ್ಲಿ ಮಕ್ಳು?' ಎಂದಳು ಅವ್ವ. 'ಬಂಗಲೆ ಅಮ್ಮಾವ್ರ ಮಗಳು.'

ಕಂಬಳಿಯೊಳಗೆ ಅವಳ ಕೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿತ್ತು. ಅಷ್ಟು ಬಡಕಲು ಕೈಯಲ್ಲಿ ಅಷ್ಟೊಂದು ಬಲ ಹೇಗಿತ್ತೋ ಕಾಣೆ. ಹೆಂಗಸರು ಹೋಗುವವರೆಗೂ, ಹೋದ ಮೇಲೂ ಬಿಡಲಿಲ್ಲ.

'ಹೌದಮ್ಮ' ಎಂದಿದ್ದೆ ನಾನು, ಕೇಳಿದ ಆ ಹೆಂಗಸಿಗೆ. 'ಕೆಂಪಕ್ಕನನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ.'