ಬಲಗಡೆಯ ಹೂವು

ನಮ್ಮಲ್ಲಿ ದೇವರ ಮುಂದೆ ನಿಂತು ಮನಸ್ಸಿನಲ್ಲೇ ಒಂದು ಮಾತು ಕೇಳಿಕೊಳ್ಳುವುದುಂಟು. ವಿಗ್ರಹದ ಬಲಗಡೆಯಿಂದ ಹೂವು ಜಾರಿ ಬಿದ್ದರೆ ಆಗಲಿ ಎಂದರ್ಥ, ಎಡಗಡೆಯಿಂದ ಬಿದ್ದರೆ ಬೇಡ. ಈ ಪದ್ಧತಿಯನ್ನು ಆಫೀಸಿನಲ್ಲಿ ಹೇಳಿದವಳು ನಾನೇ.

ಬಿಟಿಎಂ ಲೇಔಟಿನ ನಮ್ಮ ಕಂಪನಿ ಒಂದು ಜಪದ ಆ್ಯಪ್ ತಯಾರಿಸುತ್ತಿತ್ತು. ಅದರ ಕನ್ನಡವನ್ನು ಬರೆಯುವುದು ನನ್ನ ಕೆಲಸ. ಜನ ನಾಲ್ಕು ದಿನ ಜಪ ಮಾಡಿ ಬಿಟ್ಟುಬಿಡುತ್ತಾರಲ್ಲ, ಏನು ಮಾಡುವುದು ಎಂಬ ಮಾತು ಬಂದಾಗ, ಪರದೆಯ ಮೇಲಿನ ದೇವರಿಂದಲೂ ಹಾಗೇ ಹೂವು ಬೀಳಿಸಬಹುದಲ್ಲ ಎಂದೆ. ಮನಃಶಾಸ್ತ್ರ ಓದಿ ಹುಬ್ಬಳ್ಳಿಯಿಂದ ಬಂದಿದ್ದ ಸಹೋದ್ಯೋಗಿ ತಕ್ಷಣ ಹಿಡಿದುಕೊಂಡ. ಪರದೆಯನ್ನು ನೂರೆಂಟು ಸಲ ಒತ್ತಿ ಒಂದು ಸುತ್ತು ಮುಗಿಸಿದಾಗಲೆಲ್ಲ ಹೂವು ಬೀಳಬಾರದು, ಯಾವಾಗ ಬೀಳುತ್ತದೆಂದು ಯಾರಿಗೂ ಊಹಿಸಲಾಗಬಾರದು ಎಂದ. ಪ್ರಯೋಗಗಳಲ್ಲಿ ಗುಂಡಿ ಕುಕ್ಕಿದಾಗಲೆಲ್ಲ ಕಾಳು ಬಂದು, ಆಮೇಲೆ ನಿಂತುಹೋದರೆ ಪಾರಿವಾಳ ಬೇಗ ಕೈಬಿಡುತ್ತದಂತೆ. ಯಾವಾಗಲೋ ಒಮ್ಮೆ ಬರುತ್ತಿದ್ದರೆ ಕುಕ್ಕುತ್ತಲೇ ಇರುತ್ತದಂತೆ. ಮಿದುಳಿನಲ್ಲಿ ಆಸೆ ಕೆರಳಿಸುವ ಡೋಪಮೈನ್ ಎಂಬ ರಾಸಾಯನಿಕಕ್ಕೆ ಕೈಗೆ ಬಂದದ್ದಕ್ಕಿಂತ ಬರಬಹುದಾದದ್ದರ ಮೇಲೆ ಕಣ್ಣು ಎಂದು ವಿವರಿಸಿದ.

"ಸಿಗೂದರಾಗ ಅಷ್ಟ್ ಖುಷಿ ಇಲ್ರೀ ಮೇಡಂ. ಸಿಗಬಹುದು ಅನ್ನೂದರಾಗ ಐತಿ."

ಬಲಕ್ಕೆ ಬೀಳುವುದು ತೀರಾ ಅಪರೂಪವಾಗಿರಲಿ, ಆಗಾಗ ಎಡಕ್ಕೂ ಬೀಳಲಿ, ಸ್ವಲ್ಪದರಲ್ಲಿ ತಪ್ಪಿತು ಅನ್ನಿಸಿದವರು ಇನ್ನೊಂದು ಸುತ್ತು ಕೂರುತ್ತಾರೆ ಎಂಬುದೂ ಅವನದೇ ಸಲಹೆ. ನನಗೆ ಅದು ಜಾಣತನವಾಗಿ ಕಂಡಿತು. ಯಾವ ಹೂವು ಎಂದು ಕೇಳಿದರು. ಕೆಂಪು ದಾಸವಾಳ ಎಂದೆ.

ಜಯನಗರದಲ್ಲಿರುವ ನನ್ನ ಚಿಕ್ಕಮ್ಮನ ಫೋನಿಗೆ ಆ್ಯಪನ್ನು ನಾನೇ ಹಾಕಿಕೊಟ್ಟೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದಾಗ ಮೇಜಿನ ಮೇಲೆ ವೈದ್ಯರ ಚೀಟಿ ಕಂಡಿತು. ಎಡ ಸ್ತನದಲ್ಲಿ ಗಂಟು, ಕೂಡಲೇ ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಎಂದಿತ್ತು. ಚೀಟಿ ಬರೆದು ಐದು ವಾರವಾಗಿತ್ತು. ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಇನ್ನೂ ಬಲಗಡೆ ಬಿದ್ದಿಲ್ಲ ಕಣೇ," ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪರೀಕ್ಷೆ ಮಾಡಿಸಲೇ ಎಂದು ಅವರು ದಿನವೂ ಆ್ಯಪನ್ನು ಕೇಳುತ್ತಿದ್ದರು. ಹಿಂದೆ ಸಣ್ಣಪುಟ್ಟ ವಿಷಯಗಳಿಗೆ ಎರಡು ಮೂರು ಸಲ ಬಲಕ್ಕೆ ಬಿದ್ದಿತ್ತು. ಈ ಒಂದು ಮಾತಿಗೆ ಏನೂ ಬೀಳುತ್ತಿರಲಿಲ್ಲ, ಬಿದ್ದರೆ ಎಡಕ್ಕೆ. ಮೊದಲು ದಿನಕ್ಕೆ ಒಂದು ಸುತ್ತು ಕೂರುತ್ತಿದ್ದವರು ಈಗ ಊಟದ ಹೊತ್ತಿನವರೆಗೂ ಕೂರುತ್ತಿದ್ದರು. ಪ್ರಶ್ನೆ ಕೇಳಲು ಆ್ಯಪಿನಲ್ಲಿ ನಾವು ಜಾಗವನ್ನೇ ಇಟ್ಟಿರಲಿಲ್ಲ.

"ಚಿಕ್ಕಮ್ಮ, ಆ ಹೂ ಬೀಳ್ಸೋದು ನಾವು. ನಾನೇ ಹೇಳ್ಕೊಟ್ಟಿದ್ದು. ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಎತ್ತುತ್ತೆ, ಅಷ್ಟೇ."

ಅವರು ಗಮನವಿಟ್ಟು ಕೇಳಿದರು. ಒಂದು ಚೀಟಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ತಾನೆ ಎಂದು ವಿಚಾರಿಸಿದರು. ಇಲ್ಲ ಎಂದೆ. ನಾಣ್ಯ ಚಿಮ್ಮಿ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟವರು, ತಲೆಯಾಡಿಸಿದರು. ಮುಗಿಯಿತು ಎಂದುಕೊಂಡೆ.

"ಗುಡೀಲೂ ಅರ್ಚಕರೇ ತಾನೆ ಹೂ ಮುಡಿಸೋದು? ಯಾವುದು ಬೀಳುತ್ತೆ ಅಂತ ಅವರಿಗೇನು ಗೊತ್ತು. ಇರು, ಈ ಸುತ್ತು ಮುಗಿಸ್ಬಿಡ್ತೀನಿ."

ಆಗ ನೋಡಿದೆ. ನಾನು ಮಾತಾಡುತ್ತಿದ್ದಷ್ಟು ಹೊತ್ತೂ ಅವರ ಹೆಬ್ಬೆರಳು ಪರದೆಯ ಮೇಲೆ ನಿಂತಿರಲಿಲ್ಲ.

ಎಲ್ಲವನ್ನೂ ಹೂವಿನ ಮೇಲೆ ಹಾಕಲಾರೆ. ಸೂಜಿಯ ಭಯ, ಫಲಿತಾಂಶದ ಭಯ ಅವರಿಗೆ ಇದ್ದೇ ಇತ್ತು. ಆದರೆ ಇವತ್ತು ಬೇಡ ಎನ್ನಲು ದಿನಕ್ಕೆ ಹತ್ತಾರು ಅವಕಾಶಗಳನ್ನು ಮಾಡಿಕೊಟ್ಟವರು ನಾವು.

ಬೇಡಿಕೊಂಡೆ, ಗದರಿದೆ, ಅತ್ತೂ ಬಿಟ್ಟೆ. ಚಿಕ್ಕಮ್ಮ ಕದಲಲಿಲ್ಲ. ಸೋಮವಾರ ಸಹೋದ್ಯೋಗಿಗೆ ಎಲ್ಲ ಹೇಳಿ, ಅವರ ಫೋನಿನಲ್ಲಿ ಹೂವನ್ನು ಬಲಕ್ಕೆ ಬೀಳಿಸು ಎಂದೆ. ಅವನು ಲ್ಯಾಪ್‌ಟಾಪ್ ತೆರೆದ.

"ಒಮ್ಮೆ ಅಷ್ಟ ಏನ್ರೀ?" ಎಂದು ಕೇಳಿದ. ಹೌದು ಎಂದೆ.

ಸಂಜೆ ಚಿಕ್ಕಮ್ಮನ ಫೋನ್ ಬಂತು. ಹೂವು ಬಿತ್ತು, ನಾಳೆಯೇ ಹೋಗೋಣ ಎಂದರು. ಅಷ್ಟು ಹಗುರವಾದ ಅವರ ದನಿಯನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ನಿಜ ಹೇಳಿ ಮಾಡಿಸಲಾಗದ್ದನ್ನು ಒಂದು ಹೂವಿನ ಚಿತ್ರ ಮಾಡಿಸಿತ್ತು.

ಗಂಟು ಕ್ಯಾನ್ಸರಿನದೇ ಆಗಿತ್ತು. ಜೆ.ಪಿ. ನಗರದ ಆಸ್ಪತ್ರೆಯಲ್ಲಿ ವೈದ್ಯೆ ನಿಧಾನವಾಗಿ ಎಲ್ಲ ತಿಳಿಸಿ ಹೇಳಿದರು. ಗುಣವಾಗುವ ಹಂತದಲ್ಲೇ ಇದೆ, ಆದರೆ ಇನ್ನು ತಡಮಾಡುವಂತಿಲ್ಲ, ಮುಂದಿನ ಗುರುವಾರವೇ ಆಪರೇಷನ್ ಇಟ್ಟುಕೊಳ್ಳೋಣ ಎಂದರು. ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡು ಕೈಚೀಲದಿಂದ ಫೋನ್ ತೆಗೆದರು.

"ಗುರುವಾರಾನೇನಾ? ಒಂದ್ಸಲ ಕೇಳಿ ಹೇಳ್ತೀನಿ ಡಾಕ್ಟ್ರೇ."

ಮಕ್ಕಳನ್ನು ಕೇಳುತ್ತಾರೆ ಎಂದುಕೊಂಡಿರಬೇಕು, ವೈದ್ಯೆ ಆಗಲಿ ಎಂದು ತಲೆಯಾಡಿಸಿದರು. ನಾನು ಎದ್ದು ಕಾರಿಡಾರಿಗೆ ಬಂದು ಸಹೋದ್ಯೋಗಿಗೆ ಫೋನ್ ಮಾಡಿದೆ.