ಲೋಟದ ತುಂಬಾ ಬಿಂಬುಳಿ

ಬಿಂಬುಳಿಯನ್ನು ಅಮೃತ ಎನ್ನುವವರನ್ನು ಕಂಡರೆ ಈಗ ನನಗೆ ಮೈ ಉರಿಯುತ್ತದೆ.

ವಾಮಂಜೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಅದರ ಮರವಿದೆ. ಕಾಂಡದ ಮೈಗೇ ಅಂಟಿಕೊಂಡು ಗೊಂಚಲು ಗೊಂಚಲು ಹುಳಿ ಕಾಯಿ. ಕೊಯ್ದರೆ ಎರಡು ದಿನ ಉಳಿಯುವುದಿಲ್ಲ. ಬಂಗುಡೆ ಸಾರಿಗೆ ಹುಣಸೆಯ ಬದಲು ನಾಲ್ಕು ಸೀಳಿ ಹಾಕುತ್ತೇನೆ, ಒಂದಷ್ಟು ಉಪ್ಪಿನಕಾಯಿಗೆ. ಮೈ ತುರಿಸಿದರೆ ಎಲೆ ಅರೆದು ಹಚ್ಚುವುದು ಅತ್ತೆಯ ಕಾಲದಿಂದ ಬಂದದ್ದು. ಅಕ್ಕಪಕ್ಕದವರಿಗೆ ಚೀಲಗಟ್ಟಲೆ ಹಂಚಿದರೂ ನೆಲದಲ್ಲಿ ಬಿದ್ದು ಕೊಳೆಯುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಪಣಂಬೂರಿನ ಕೆಲಸದಿಂದ ನಿವೃತ್ತರಾದ ನನ್ನ ಗಂಡನಿಗೆ ಕೊಲೆಸ್ಟರಾಲ್ ಜಾಸ್ತಿ ಎಂದು ಗೊತ್ತಾದ ವಾರವೇ, ಇಗರ್ಜಿಯ ವಾಟ್ಸಾಪ್ ಗುಂಪಿನಲ್ಲಿ ಪಕ್ಕದ ಮನೆಯಾಕೆ ಒಂದು ಸಂದೇಶ ಹಾಕಿದಳು: ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ, ಮಾತ್ರೆಯೇ ಬೇಡ. ಮಾತ್ರೆ ಕಂಡರೆ ಮುಖ ಕಿವುಚುವ ಇವರಿಗೆ ಅಷ್ಟೇ ಸಾಕಾಯಿತು. ಹಾಳಾಗುವ ಕಾಯಿ ಉಪಯೋಗಕ್ಕೆ ಬಂತಲ್ಲ ಎಂದು ನನಗೂ ಖುಷಿ. ದಿನಾ ಮಿಕ್ಸಿಗೆ ಹಾಕಿ, ಸೋಸಿ ಕೊಟ್ಟೆ.

ಹತ್ತನೆಯ ದಿನ ವಾಂತಿ. ಮುಖ ಊದಿತು, ಮೂತ್ರ ನಿಂತಿತು. ಆಸ್ಪತ್ರೆಗೆ ಸೇರಿಸಿದೆವು. ಯಾವುದಾದರೂ ಮದ್ದು ತೆಗೆದುಕೊಂಡಿದ್ದಾರೆಯೇ, ನಾಟಿ ಮದ್ದಾದರೂ, ಎಂದು ಡಾಕ್ಟರು ಮೂರು ಸಲ ಕೇಳಿದರು. ಮೂರು ಸಲವೂ ಇಲ್ಲವೆಂದೆ. ಸುಳ್ಳು ಹೇಳಿದ್ದಲ್ಲ. ಮೀನಿನ ಸಾರಿಗೆ ಹಾಕುವ ಕಾಯಿಯನ್ನು ನಮ್ಮಲ್ಲಿ ಯಾರು ಮದ್ದು ಎನ್ನುತ್ತಾರೆ? ಮದ್ದು ಬೇಡವೆಂದೇ ಅಲ್ಲವೇ ಅದನ್ನು ಕುಡಿದದ್ದು. ಹಾಗೆ ಎರಡು ದಿನ ಹಾಳಾಯಿತು. ಮೂರನೆಯ ದಿನ ಊರಿನವಳೇ ಆದ ಒಬ್ಬ ನರ್ಸ್ ನನ್ನನ್ನು ಬದಿಗೆ ಕರೆದಳು.

“ಮನೆಯಲ್ಲಿ ಬಿಂಬುಳಿ ಮರ ಉಂಟಾ?”

ಆ ಹುಳಿ ಹರಳಾಗಿ ಎರಡೂ ಕಿಡ್ನಿಯಲ್ಲಿ ಕೂತಿತ್ತು. ಸಾರಿನ ನಾಲ್ಕು ಕಾಯಿ ಬೇರೆ, ಲೋಟದ ಹಸಿ ರಸ ಬೇರೆ ಎಂದು ಡಾಕ್ಟರು ವಿವರಿಸಿದರು. ಡಯಾಲಿಸಿಸ್ ಶುರುವಾಯಿತು.

ಪಕ್ಕದ ಮನೆಯಾಕೆ ನೋಡಲು ಬಂದಳು. ನಾನು ನೀರು ಬೆರೆಸದೆ ಕೊಟ್ಟಿರಬೇಕಂತೆ. ನನಗೆ ಸಿಟ್ಟು ನೆತ್ತಿಗೇರಿತು. ಓದದೆ, ಕೇಳದೆ ಕಂಡದ್ದನ್ನೆಲ್ಲ ಊರಿಗೆ ಹಂಚುವ ಅವಳ ಚಾಳಿಯನ್ನು ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಬೈದು ಕಳಿಸಿದೆ. ಅವಳು ಹೋದ ಮೇಲೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಇವರು ಬಾಯಿಬಿಟ್ಟರು.

“ಬಿಡು ಮಾರಾಯ್ತಿ. ಅವಳು ಮೆಸೇಜ್ ಮಾತ್ರ ಹಾಕಿದ್ದು.”

ಈಗಲೂ ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಮೊನ್ನೆ ಮಗ ಮರ ಕಡಿಸುವ ಎಂದ. ಅವನಿಗೂ ಬೈದೆ. ಮರ ಯಾರಿಗೂ ಲೋಟ ತುಂಬಿಸಿ ಕೊಟ್ಟಿರಲಿಲ್ಲ.